ಇಬ್ಬರು ತಂದೆಯರು, ಒಬ್ಬ ಆಳು

ಶೇಕ್ಸ್‌ಪಿಯರ್‌ನ ‘ಕಿಂಗ್ ಲಿಯರ್’ ನಾಟಕದಲ್ಲಿ ಹಾಳಾಗಿ ಹೋಗುವ ಮುದುಕರು ಇಬ್ಬರು. ಒಬ್ಬ ದೊರೆ ಲಿಯರ್, ಇನ್ನೊಬ್ಬ ಅವನ ಆಸ್ಥಾನದ ಸಾಮಂತ ಗ್ಲಾಸ್ಟರ್. ಲಿಯರ್‌ನ ಕತೆ ಹಳೆಯ ಚರಿತ್ರೆಗಳಲ್ಲಿ ಮೊದಲೇ ಇತ್ತು. ಗ್ಲಾಸ್ಟರ್‌ನ ಕತೆಯ ಬೀಜ ಸಿಕ್ಕಿದ್ದು 1590ರಲ್ಲಿ ಅಚ್ಚಾದ ಫಿಲಿಪ್ ಸಿಡ್ನಿಯ ‘ಆರ್ಕೇಡಿಯಾ’ದಲ್ಲಿ ಬರುವ ಒಬ್ಬ ಕುರುಡು ರಾಜ ಮತ್ತು ಅವನ ಇಬ್ಬರು ಮಕ್ಕಳ ಪ್ರಸಂಗದಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡನ್ನೂ ಒಂದೇ ನಾಟಕದಲ್ಲಿ ಹೆಣೆದದ್ದು ಯಾಕೆ? ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿದೆ: ಒಬ್ಬನ ದುರಂತ ಇನ್ನೊಬ್ಬನದಕ್ಕೆ ಕನ್ನಡಿ; ನೋವು ಮನುಷ್ಯನಿಗೆ ವಿವೇಕ ಕಲಿಸುತ್ತದೆ ಎಂಬುದನ್ನು ನಾಟಕ ಎರಡು ಸಲ ತೋರಿಸುತ್ತದೆ. ಇದರ ಮೊದಲರ್ಧವನ್ನು ನಾನು ಒಪ್ಪುತ್ತೇನೆ. ಉಳಿದರ್ಧದ ಬಗ್ಗೆ ನನ್ನ ತಕರಾರಿದೆ.

ಹೋಲಿಕೆಗಳೇನೋ ಕಣ್ಣಿಗೆ ಹೊಡೆಯುವಂತಿವೆ. ರಾಜ್ಯ ಹಂಚುವಾಗ ಲಿಯರ್ ಮೂವರು ಹೆಣ್ಣುಮಕ್ಕಳನ್ನೂ ತನ್ನ ಮೇಲೆ ಎಷ್ಟು ಪ್ರೀತಿಯಿದೆ ಎಂದು ಕೇಳುತ್ತಾನೆ. ಕಿರಿಯವಳಾದ ಕಾರ್ಡೀಲಿಯಾ ಹೇಳಲು ಏನೂ ಇಲ್ಲ ಎನ್ನುತ್ತಾಳೆ. ಮರುದೃಶ್ಯದಲ್ಲೇ ಗ್ಲಾಸ್ಟರ್‌ನ ಮಗ ಎಡ್ಮಂಡ್ ತಾನೇ ಸೃಷ್ಟಿಸಿದ ಪತ್ರವನ್ನು ಮುಚ್ಚಿಡುವವನಂತೆ ನಟಿಸಿ, ಅದೇನೆಂದು ತಂದೆ ಕೇಳಿದರೆ ಏನೂ ಇಲ್ಲ ಎನ್ನುತ್ತಾನೆ. ಒಂದೇ ಮಾತು, ಅಲ್ಲಿ ಸತ್ಯ, ಇಲ್ಲಿ ಬಲೆ. ತಂದೆಯರಿಬ್ಬರೂ ಅದನ್ನು ತಿರುಗುಮುರುಗಾಗಿ ಕೇಳಿಸಿಕೊಳ್ಳುತ್ತಾರೆ. ಕಾರ್ಡೀಲಿಯಾ ದೇಶ ಬಿಡುತ್ತಾಳೆ. ಗ್ಲಾಸ್ಟರ್‌ನ ಹಿರಿಯ ಮಗ ಎಡ್ಗರ್ ತಲೆತಪ್ಪಿಸಿಕೊಂಡು ಹುಚ್ಚು ಭಿಕ್ಷುಕನ ವೇಷ ಹಾಕುತ್ತಾನೆ.

ಇದು ಬರೀ ಎಡವಟ್ಟಲ್ಲ, ಹಳೆಯ ಅಭ್ಯಾಸ. ನಾಟಕ ಶುರುವಾದ ಕೆಲವೇ ನಿಮಿಷಗಳಲ್ಲಿ ಗ್ಲಾಸ್ಟರ್, ಮದುವೆಯಾಚೆ ಹುಟ್ಟಿದ ಎಡ್ಮಂಡ್‌ನ ಜನ್ಮದ ಬಗ್ಗೆ ಅವನ ಎದುರೇ ತಮಾಷೆ ಮಾಡುತ್ತಾನೆ. ಲಿಯರ್ ಪ್ರೀತಿಯನ್ನು ಭೂಮಿಯ ಅಳತೆಯಲ್ಲಿ ತೂಗುತ್ತಾನೆ. ಎದುರಿಗಿರುವ ಜೀವಕ್ಕೂ ಒಂದು ಒಳಗಿದೆ ಎಂದು ಯೋಚಿಸಬೇಕಾದ ಅಗತ್ಯ ಇಬ್ಬರಿಗೂ ಅದುವರೆಗೆ ಬಂದಿರಲಿಲ್ಲ. ಅಧಿಕಾರವೆಂದರೆ ಬಹುಶಃ ಈ ಅಗತ್ಯ ಇಲ್ಲದಿರುವುದೇ.

ಆಮೇಲೆ ಆ ಅಳತೆ ಲಿಯರ್‌ಗೇ ತಿರುಗಿ ಬರುತ್ತದೆ. ಅವನ ಪರಿವಾರದ 100 ಸವಾರರನ್ನು ಮಕ್ಕಳು 50ಕ್ಕೆ, 25ಕ್ಕೆ ಇಳಿಸುತ್ತಾರೆ. ಕಡೆಗೆ ಒಬ್ಬನಾದರೂ ಯಾಕೆ ಬೇಕು ಎನ್ನುತ್ತಾರೆ. ಬಿರುಗಾಳಿಯ ಆ ರಾತ್ರಿ ಗುಡಿಸಲಿನ ಬಾಗಿಲಲ್ಲಿ ನಿಂತ ದೊರೆ ಮೊದಲು ತನ್ನ ವಿದೂಷಕನನ್ನು ಒಳಗೆ ಕಳಿಸುತ್ತಾನೆ. ಸೂರಿಲ್ಲದ ಬಡವರು ಇಂಥ ರಾತ್ರಿಗಳನ್ನು ಹೇಗೆ ಕಳೆಯುತ್ತಾರೆಂದು ತಾನು ಚಿಂತಿಸಲೇ ಇಲ್ಲವಲ್ಲ ಎಂದು ಹಲುಬುತ್ತಾನೆ. ಉಳ್ಳವರು ಮಿಕ್ಕಿದ್ದನ್ನು ಇಲ್ಲದವರಿಗೆ ಕೊಡಬೇಕು ಎನ್ನುತ್ತಾನೆ. ಗ್ಲಾಸ್ಟರ್ ಕೂಡ, ಕಣ್ಣು ಕಳೆದುಕೊಂಡ ಮೇಲೆ, ಮಗನೆಂದು ತಿಳಿಯದೆ ಭಿಕ್ಷುಕನ ಕೈಗೆ ದುಡ್ಡಿನ ಚೀಲವಿಟ್ಟು ಹೆಚ್ಚುಕಡಿಮೆ ಇದೇ ಮಾತನ್ನಾಡುತ್ತಾನೆ.

ಎಂಬತ್ತು ದಾಟಿದ ದೊರೆಗೆ ನ್ಯಾಯದ ಹಂಚಿಕೆ ಹೊಳೆದದ್ದು ಹಂಚಲು ಏನೂ ಉಳಿಯದಿದ್ದಾಗ. ಈ ಅರಿವಿನಿಂದ ಆ ರಾಜ್ಯದ ಒಬ್ಬ ಬಡವನ ತಲೆಯ ಮೇಲೂ ಸೂರು ಬರಲಿಲ್ಲ. ಗ್ಲಾಸ್ಟರ್ ವಾಸಿ, ಕೈಯಲ್ಲಿದ್ದ ಚೀಲವನ್ನಾದರೂ ಕೊಟ್ಟ. ಅಷ್ಟೇ ಅಲ್ಲ, ಅವನ ಬದುಕಿನ ದೊಡ್ಡ ಕೆಲಸ ನಡೆದದ್ದು ಕಣ್ಣಿದ್ದಾಗಲೇ. ಸಹಾಯ ಮಾಡಕೂಡದೆಂಬ ಕಟ್ಟಪ್ಪಣೆ ಮೀರಿ, ಪ್ರಾಣ ಹೋದರೂ ಸರಿಯೆಂದು, ಅವನು ಬಿರುಗಾಳಿಯಲ್ಲಿ ಲಿಯರ್‌ನನ್ನು ಹುಡುಕಿ ಹೋದ. ಕಣ್ಣು ಹೋದದ್ದು ಆ ಕೆಲಸಕ್ಕೆ ಸಿಕ್ಕ ಶಿಕ್ಷೆಯಾಗಿ. ನೋವು ಅವನಿಗೆ ಆ ಧೈರ್ಯವನ್ನು ಕಲಿಸಲಿಲ್ಲ. ಆ ಧೈರ್ಯವೇ ನೋವು ತಂದಿತು.

ನೋವು ಗುರುವಾಗಿದ್ದರೆ ಎಡ್ಮಂಡ್ ಎಲ್ಲರಿಗಿಂತ ಮೊದಲು ಕಲಿಯಬೇಕಿತ್ತು. ಹುಟ್ಟಿನಿಂದ ಅವಮಾನ ಉಂಡವನು ಅವನು. ಕಲಿತದ್ದು ಅದನ್ನು ಇತರರಿಗೆ ಬಡಿಸುವುದನ್ನು.

ಇಲ್ಲಿ ನನಗೆ ಮುಖ್ಯವಾಗಿ ಕಾಣುವವನು ಹೆಸರೇ ಇಲ್ಲದ ಒಂದು ಪಾತ್ರ. ಲಿಯರ್‌ನ ಅಳಿಯ ಕಾರ್ನ್‌ವಾಲ್ ಗ್ಲಾಸ್ಟರ್‌ನ ಒಂದು ಕಣ್ಣು ಕಿತ್ತು ಇನ್ನೊಂದಕ್ಕೆ ಕೈ ಹಾಕುವಾಗ ಅವನದೇ ಆಳೊಬ್ಬ ಅಡ್ಡ ಬರುತ್ತಾನೆ. ಚಿಕ್ಕಂದಿನಿಂದ ನಿಮ್ಮ ಸೇವೆ ಮಾಡಿದ್ದೇನೆ, ನಿಮ್ಮನ್ನು ಈಗ ತಡೆಯುವುದಕ್ಕಿಂತ ದೊಡ್ಡ ಸೇವೆ ಇಲ್ಲ ಎಂಬುದು ಅವನ ಮಾತಿನ ತಾತ್ಪರ್ಯ. ಕತ್ತಿ ಹಿರಿದು ಒಡೆಯನಿಗೆ ಸಾಯುವಂಥ ಗಾಯ ಮಾಡುತ್ತಾನೆ. ಲಿಯರ್‌ನ ಮಗಳು ರೀಗನ್ ಹಿಂದಿನಿಂದ ಇರಿದು ಅವನನ್ನು ಕೊಲ್ಲುತ್ತಾಳೆ. ಹೆಣವನ್ನು ತಿಪ್ಪೆಗೆ ಎಸೆಯಲು ಆಜ್ಞೆಯಾಗುತ್ತದೆ.

ಬಡತನದಲ್ಲಿ ಬೆಂದವನಾದ್ದರಿಂದ ಅವನಿಗೆ ತಿಳಿದಿತ್ತು ಎನ್ನಬಹುದು. ಆದರೆ ಗ್ಲಾಸ್ಟರ್‌ನನ್ನು ಕುರ್ಚಿಗೆ ಕಟ್ಟಿದವರೂ ಅವನಂಥ ಆಳುಗಳೇ. ಕಷ್ಟ ಸಮಾನ, ಅಡ್ಡ ಬಂದವನು ಒಬ್ಬ. 1608ರ ಮುದ್ರಣದಲ್ಲಿ ಉಳಿದ ಇಬ್ಬರು ಆಳುಗಳು ಗ್ಲಾಸ್ಟರ್‌ನ ರಕ್ತಸಿಕ್ತ ಮುಖಕ್ಕೆ ನಾರು ಮತ್ತು ಮೊಟ್ಟೆಯ ಬಿಳಿ ತರುವ ಮಾತಾಡುತ್ತಾರೆ. 1623ರ ಮುದ್ರಣದಲ್ಲಿ ಆ ಭಾಗವಿಲ್ಲ. ಎದುರಿಗಿರುವವನಿಗೆ ನೋಯುತ್ತಿದೆ ಎಂದು ಕಾಣಲು ಇವರಲ್ಲಿ ಯಾರೂ ರಾಜ್ಯ ಕಳೆದುಕೊಳ್ಳಬೇಕಾಗಲಿಲ್ಲ, ಕಣ್ಣು ಕಳೆದುಕೊಳ್ಳಬೇಕಾಗಲಿಲ್ಲ.

ಹಾಗಾದರೆ ಲಿಯರ್‌ಗೆ ಆದದ್ದೇನು? ಅವನ ಮತ್ತು ಇತರರ ನಡುವೆ ಇದ್ದ ದೂರ ಕುಸಿಯಿತು, ಅಷ್ಟೇ. ಬಡವನ ಮೇಲೆ ಬೀಳುವ ಮಳೆಯೇ ಅವನ ಮೇಲೂ ಬಿತ್ತು. ಅವನು ಹೊಸತೇನನ್ನೂ ಕಲಿಯಲಿಲ್ಲ. ಆಳಿಗೂ ತಿಳಿದಿದ್ದ ಸಂಗತಿಯನ್ನು ಎಲ್ಲರಿಗಿಂತ ಕೊನೆಗೆ ತಿಳಿದ. ಅದನ್ನು ನಾವು ಮಹಾಜ್ಞಾನವೆಂದು ಕೊಂಡಾಡುವುದು ಅವನು ದೊರೆಯಾಗಿದ್ದ ಎಂಬ ಕಾರಣಕ್ಕೆ.

1681ರಲ್ಲಿ ನೇಹಮ್ ಟೇಟ್ ಎಂಬ ಕವಿ ನಾಟಕವನ್ನು ತಿದ್ದಿ ಲಿಯರ್‌ಗೆ ರಾಜ್ಯ ಮರಳಿಸಿದ, ಕಾರ್ಡೀಲಿಯಾಳನ್ನು ಬದುಕಿಸಿ ಎಡ್ಗರ್‌ಗೆ ಜೋಡಿ ಮಾಡಿದ. ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿಯ ಮೇಲೆ ನಡೆದದ್ದು ಆ ರೂಪವೇ. ಕಲಿತವರಿಗೆ ಬಹುಮಾನ ಸಿಗಲೇಬೇಕೆಂಬ ಆಸೆ ಅದರದು. ನೋವಿನಿಂದ ವಿವೇಕ ಬಂತಲ್ಲ ಎಂದು ಸಮಾಧಾನಪಡುವ ನಮ್ಮ ವಿಮರ್ಶೆಯಲ್ಲೂ ಅದೇ ಆಸೆ ವೇಷ ಮರೆಸಿಕೊಂಡು ಕೂತಿದೆ. ಟೇಟ್ ಕೊನೆಯನ್ನು ಬದಲಿಸಿದ, ನಾವು ಅರ್ಥವನ್ನು ಬದಲಿಸುತ್ತೇವೆ. ಆದರೆ ಹಾಗೆ ಹೇಳಿದ ಕೂಡಲೇ ನೇಣಿಗೆ ಹೋದ ಕಾರ್ಡೀಲಿಯಾಳ ಸಾವು ತಂದೆಯ ಪಾಠಕ್ಕೆ ಕೊಟ್ಟ ಶುಲ್ಕವಾಗಿಬಿಡುತ್ತದೆ. ಮೂಲ ನಾಟಕದಲ್ಲಿ ಲಿಯರ್ ಮಗಳ ಹೆಣ ಹೊತ್ತು ತಂದು ಊಳಿಡುತ್ತಾನೆ. ಅವನ ಬಾಯಲ್ಲಿ ಆಗ ಯಾವ ಪಾಠವೂ ಇಲ್ಲ.

ಇಬ್ಬರು ತಂದೆಯರ ಕತೆಯನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ನನ್ನಲ್ಲಿ ಉಳಿಯುವ ಪ್ರಶ್ನೆ, ಮನುಷ್ಯ ನೋವಿನಿಂದ ಏನು ಕಲಿಯುತ್ತಾನೆ ಎಂಬುದಲ್ಲ. ದೊಡ್ಡವರು ಇಷ್ಟು ತಡವಾಗಿ ಕಲಿಯುವಾಗ ಬೆಲೆ ತೆರುವವರು ಯಾರು ಎಂಬುದು. ತಿಪ್ಪೆಯ ಮೇಲೆ ಬಿದ್ದ ಆ ಆಳಿನ ಹೆಸರೂ ನಮಗೆ ಗೊತ್ತಿಲ್ಲ.