ಮಡಿಯ ನೀರು ಎತ್ತ ಹರಿಯುತ್ತದೆ?



ಶ್ರಾವಣಮಾಸವು ಸಮೀಪಿಸಿತೆಂದರೆ ನಮ್ಮ ಎಂ.ಸಿ.ಸಿ. ಬಡಾವಣೆಯ ಮನೆಗಳಲ್ಲಿ ತೊಳೆಯುವ ಬಳಿಯುವ ಸಂಭ್ರಮ ತೊಡಗುತ್ತದೆ. ಶ್ರೀ ಗುರುರಾಯರ ಆರಾಧನೆ, ಶ್ರೀಕೃಷ್ಣಜಯಂತಿ, ಚೌತಿ, ಅನಂತವ್ರತ, ನವರಾತ್ರಿ, ದೀಪಾವಳಿ ಎಂದು ಪರ್ವದ ಬೆನ್ನಿಗೆ ಪರ್ವಗಳು ಬರುವ ಕಾಲವಿದು. ಜೇಡರಬಲೆ ತೆಗೆಯುವುದು, ಅಟ್ಟದ ಮೇಲಿನ ಹಿತ್ತಾಳೆ ಹಂಡೆಗಳನ್ನು ಇಳಿಸಿ ಬೆಳಗುವುದು, ಪಟ್ಟೆಮಡಿ ಮುಗುಟಗಳನ್ನು ಹೊರತೆಗೆದು ಒಗೆದು ಯಾರ ಸ್ಪರ್ಶವೂ ಆಗದಂತೆ ಗಳುವಿನ ಮೇಲೆ ಹರವುವುದು ಇವೆಲ್ಲ ಭಗವಂತನ ಪೂಜೆಯ ಪೂರ್ವಾಂಗಗಳೇ ಆಗಿವೆ. ಶ್ರೀಮದಾನಂದತೀರ್ಥ ಭಗವತ್ಪಾದರು ಸದಾಚಾರಸ್ಮೃತಿಯೆಂಬ ಗ್ರಂಥವನ್ನೇ ರಚಿಸಿ, ನಿತ್ಯದ ಆಚಾರವು ವಿಷ್ಣುಸ್ಮರಣೆಯೊಡನೆ ನಡೆಯಬೇಕೆಂದು ಬೋಧಿಸಿದ್ದಾರೆ. ಹಾಗಾದರೆ ಬಟ್ಟೆ ಹಿಂಡಿದ ಮೇಲೆ ಬಚ್ಚಲಿನ ಕಂಡಿಯಿಂದ ಹೊರಬಿದ್ದ ನೀರು ಆ ಸ್ಮರಣೆಯ ಹೊರಗಿನದೇ? ಈ ಸಲ ಅಷ್ಟನ್ನೇ ವಿಚಾರಿಸೋಣ.

ದೇವರ ಅಭಿಷೇಕದ ನೀರನ್ನು ನಾವು ಕಾಲಿಗೆ ಸಿಗುವಂತೆ ಚೆಲ್ಲುವುದಿಲ್ಲ. ನಿರ್ಮಾಲ್ಯವನ್ನು ತುಳಿಯದ ಸ್ಥಳದಲ್ಲಿ, ಗಿಡದ ಬುಡದಲ್ಲಿ ಹಾಕುತ್ತೇವೆ. ನೀರು ನಮ್ಮ ಕೈಬಿಟ್ಟ ಮೇಲೂ ನಮ್ಮ ಹೊಣೆ ಮುಗಿಯಲಿಲ್ಲವೆಂಬ ಅರಿವು ಈ ಆಚಾರದಲ್ಲಿ ಅಡಗಿದೆ. ಮಡಿಬಟ್ಟೆ ಒಗೆದ ನೀರಿನ ವಿಷಯದಲ್ಲಿ ಮಾತ್ರ ಆ ಅರಿವು ಮೋರಿಯ ತನಕವೂ ಬಾರದು.

ನಮ್ಮ ಸೀಮೆಯ ಹಳ್ಳಕೊಳ್ಳಗಳು ಯಾವ ಇಳಿಜಾರು ಹಿಡಿದರೂ ಕೊನೆಗೆ ಸೇರುವುದು ತುಂಗಭದ್ರೆಯನ್ನು. ಶ್ರೀ ವರಾಹದೇವರ ದಾಡೆಗಳಿಂದ ಹೊರಹೊಮ್ಮಿದವೆಂದು ಪ್ರಸಿದ್ಧವಾದ ತುಂಗೆ, ಭದ್ರೆ ಎಂಬ ಎರಡು ನದಿಗಳು ಗಂಗಾಮೂಲದಲ್ಲಿ ಹುಟ್ಟಿ, ಕೂಡಲಿಯಲ್ಲಿ ಸಂಗಮಿಸಿ, ಹೊನ್ನಾಳಿಯನ್ನು ದಾಟಿ ಹರಿಹರಕ್ಕೆ ಬರುತ್ತವೆ. ದಾವಣಗೆರೆಯವರಾದ ನಮಗೆ ಕುಡಿಯುವ ನೀರು ದೊರೆಯುವುದು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ಎತ್ತುವ ಹೊಳೆಯ ನೀರಿನಿಂದ ಮತ್ತು ಭದ್ರಾ ನಾಲೆಯಿಂದ. ಅಂದರೆ ಎರಡು ದಾರಿಯಿಂದಲೂ ಅದೇ ತಾಯಿಯ ನೀರು. ಗಂಗಾಸ್ನಾನ, ತುಂಗಾಪಾನ ಎಂದು ಹಿರಿಯರು ಹೇಳಿದ್ದು ನಮ್ಮ ಪಾಲಿಗೆ ದಿನನಿತ್ಯದ ಸತ್ಯವಾಗಿದೆ.

ಆ ಹೊಳೆ ಹರಿಹರದಲ್ಲಿಯೇ ನಿಲ್ಲುವುದಿಲ್ಲ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಶ್ರೀ ಹರಿಹರೇಶ್ವರ ದೇವಾಲಯದ ಊರನ್ನು ಬಿಟ್ಟು ಮುಂದೆ ಸಾಗಿ, ಹೊಸಪೇಟೆಯ ಬಳಿ ಜಲಾಶಯವಾಗಿ ನಿಂತು, ಮತ್ತೆ ಹೊರಟು ಹಂಪೆಯನ್ನು ಮುಟ್ಟುತ್ತದೆ. ಆನೆಗೊಂದಿಯ ಹತ್ತಿರದ ನಡುಗಡ್ಡೆಯಲ್ಲಿ ಶ್ರೀ ಪದ್ಮನಾಭತೀರ್ಥರು, ಶ್ರೀ ವ್ಯಾಸರಾಜರು ಮೊದಲಾದ ಒಂಬತ್ತು ಯತಿವರೇಣ್ಯರ ವೃಂದಾವನಗಳನ್ನು ಬಳಸಿ ಹರಿಯುತ್ತದೆ. ಅಲ್ಲಿಂದ ಮಂತ್ರಾಲಯ. 1671ರಲ್ಲಿ ಶ್ರೀ ರಾಘವೇಂದ್ರತೀರ್ಥರು ವೃಂದಾವನಸ್ಥರಾದ ತೀರವೂ ಇದೇ ತುಂಗಭದ್ರೆಯದು. ಯಾತ್ರೆಗೆ ಹೋದಾಗ ನಾವು ಭಕ್ತಿಯಿಂದ ಮುಳುಗಿ ಏಳುವ ಆ ನೀರಿನಲ್ಲಿ ನಮ್ಮ ಊರಿನ ಪಾಲೂ ಇದೆ. ಆರಾಧನೆಗೆಂದು ಬಟ್ಟೆ ಒಗೆದು, ಒಗೆದ ವಿಷವನ್ನು ಗುರುಗಳ ಸನ್ನಿಧಿಯ ಕಡೆಗೇ ಕಳುಹಿಸುವುದು ಎಂತಹ ಸೇವೆಯೆಂದು ಸಜ್ಜನರು ಯೋಚಿಸಬೇಕು. ಕಾರ್ಖಾನೆಗಳು ಬಿಡುವುದರ ಮುಂದೆ ನಮ್ಮ ಬಕೆಟ್ಟಿನ ನೊರೆ ಯಾವ ಲೆಕ್ಕವೆಂದು ಕೇಳುವವರಿದ್ದಾರೆ. 1980ರ ದಶಕದಲ್ಲಿ ಹರಿಹರದ ಕೆಳಗಿನ ಹೊಳೆಸಾಲಿನ ಹಳ್ಳಿಗರು ಕಾರ್ಖಾನೆಯ ತ್ಯಾಜ್ಯದ ವಿರುದ್ಧ ದನಿಯೆತ್ತಿದ್ದು ಯೋಗ್ಯವೇ ಆಗಿತ್ತು. ಆದರೆ ಅನ್ಯರ ದೋಷವು ನಮ್ಮ ಬಚ್ಚಲಿಗೆ ಪ್ರಾಯಶ್ಚಿತ್ತವಾಗಲಾರದು.

ಶಾಸ್ತ್ರಕಾರರು ಈ ವಿಷಯವನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದು ಆಶ್ಚರ್ಯಕರ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೂ ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ದ್ರವ್ಯಶುದ್ಧಿಯ ಪ್ರಕರಣವಿದೆ. ತಾಮ್ರ, ಕಂಚು, ಹಿತ್ತಾಳೆ, ತವರಗಳನ್ನು ಕ್ಷಾರ, ಹುಳಿ ಮತ್ತು ನೀರಿನಿಂದ ಬೆಳಗಬೇಕೆಂದು ಅಲ್ಲಿ ವಿಧಿ. ರೇಷ್ಮೆಗೂ ಉಣ್ಣೆಗೂ ಸವಳು ಮಣ್ಣು. ಕಂಬಳಿಗೆ ಅರಿಷ್ಟಕ, ಎಂದರೆ ನಮ್ಮ ಅಂಟುವಾಳ. ನಯವಾದ ವಸ್ತ್ರಕ್ಕೆ ಬಿಲ್ವಫಲ. ನಾರುಬಟ್ಟೆಗೆ ಬಿಳಿ ಸಾಸಿವೆ. ನೆಲಕ್ಕಾದರೆ ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು ಇತ್ಯಾದಿ. ಒಂದೊಂದು ವಸ್ತುವಿಗೆ ಒಂದೊಂದು ಶೋಧಕ. ಅವೆಲ್ಲವೂ ಮಣ್ಣಿನಿಂದ ಬಂದು ಮಣ್ಣಿಗೇ ಮರಳುವಂಥವು. ಅದೇ ಸ್ಮೃತಿಯ ನಾಲ್ಕನೆಯ ಅಧ್ಯಾಯವು ನೀರಿನಲ್ಲಿ ಮಲಮೂತ್ರಗಳನ್ನು, ಅಮೇಧ್ಯ ಸೋಂಕಿದ ವಸ್ತುಗಳನ್ನು, ವಿಷವನ್ನು ಬಿಡಕೂಡದೆಂದು ನಿಷೇಧಿಸುತ್ತದೆ. ಶುದ್ಧಿಯ ವಿಧಿಯನ್ನು ಮಾತ್ರ ಹಿಡಿದು ಜಲದ ನಿಷೇಧವನ್ನು ಬಿಟ್ಟರೆ ಅರ್ಧ ಶಾಸ್ತ್ರವನ್ನೇ ಬಿಟ್ಟಂತೆ.

ನಮ್ಮ ಹಿರಿಯರು ಮಡಿಬಟ್ಟೆಗೆ ಸಾಬೂನು ಸೋಕಿಸುತ್ತಿರಲಿಲ್ಲ. ಅದರಲ್ಲಿ ಪ್ರಾಣಿಗಳ ಕೊಬ್ಬು ಸೇರಿರುವುದೆಂಬ ಶಂಕೆ ಅವರಿಗಿತ್ತು. ಆ ಶಂಕೆ ನಿರಾಧಾರವೂ ಆಗಿರಲಿಲ್ಲ. ಮುಂದೆ ಡಿಟರ್ಜೆಂಟ್ ಪುಡಿ ಬಂದಿತು. ಅದು ಪೆಟ್ರೋಲಿಯಂ ಮೂಲದ್ದು, ಕೊಬ್ಬಿನದಲ್ಲ. ಕೊಳವೆಬಾವಿಯ ಗಡಸುನೀರಿನಲ್ಲಿಯೂ ನೊರೆ ಕೊಡುತ್ತದೆ. ಮಡಿಗೆ ಬಾಧಕವಿಲ್ಲವೆಂದು ಅನೇಕರು ನಿಶ್ಚಿಂತರಾದರು. ಆದರೆ ಅಂತಹ ಅನೇಕ ಪುಡಿಗಳಲ್ಲಿ ನೀರನ್ನು ಮೆದುಗೊಳಿಸಲು ಫಾಸ್ಫೇಟ್ ಸೇರಿಸುತ್ತಾರೆ. ಫಾಸ್ಫೇಟ್ ಗಿಡಗಳಿಗೆ ಗೊಬ್ಬರ. ಅದು ಕೆರೆಯನ್ನು ಸೇರಿದಾಗ ಪಾಚಿಯೂ ಜಲಕಳೆಯೂ ಮಿತಿಮೀರಿ ಬೆಳೆಯುತ್ತವೆ. ಅವು ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿದ ಪ್ರಾಣವಾಯು ಬರಿದಾಗಿ ಮೀನುಗಳು ಸಾಯುತ್ತವೆ. ಸಾಧಾರಣ ಶುದ್ಧೀಕರಣ ಘಟಕಗಳು ಫಾಸ್ಫೇಟನ್ನು ಸಂಪೂರ್ಣವಾಗಿ ತೆಗೆಯಲಾರವು. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ ನೊರೆಯು ಗುಡ್ಡದಂತೆ ಎದ್ದು ರಸ್ತೆಗೆ ಹಾರಿದ್ದನ್ನೂ, 2017ರಲ್ಲಿ ಆ ಕೆರೆಗೆ ಬೆಂಕಿಯೇ ಬಿದ್ದುದನ್ನೂ ಪತ್ರಿಕೆಗಳಲ್ಲಿ ಓದಿದ್ದೇವೆ. ಆ ನೊರೆಯ ದೊಡ್ಡ ಪಾಲು ಮನೆಗಳ ಬಚ್ಚಲಿನಿಂದ, ಶುದ್ಧೀಕರಿಸದ ಕೊಳಚೆನೀರಿನೊಡನೆ ಹೋದದ್ದು. ನೀರಿಗೆ ಬೆಂಕಿ ಹತ್ತುವ ಕಾಲವನ್ನು ಪುರಾಣದಲ್ಲಿ ಹುಡುಕಬೇಕಿಲ್ಲ.

ಇನ್ನು ಮಾಡಬೇಕಾದುದೇನು? ಅಂಟುವಾಳಕಾಯಿ ಇಂದಿಗೂ ಗ್ರಂದಿಗೆ ಅಂಗಡಿಗಳಲ್ಲಿ ದೊರೆಯುತ್ತದೆ. ಬೀಜ ತೆಗೆದ ಎಂಟು ಹತ್ತು ಸಿಪ್ಪೆಗಳನ್ನು ಒಂದು ಲೀಟರು ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಗ್ಗೆ ಹದಿನೈದು ನಿಮಿಷ ಕುದಿಸಿ, ಕಿವುಚಿ ಸೋಸಿಕೊಂಡರೆ ಒಂದು ಬಕೆಟ್ ಬಟ್ಟೆಗೆ ಸಾಕಾಗುವ ದ್ರವ ಸಿದ್ಧವಾಗುತ್ತದೆ. ಇದು ಗಡಸುನೀರಿನಲ್ಲಿ ಸಾಬೂನಿನಂತೆ ಒಡೆದು ಬಿಳಿ ಗಸಿಯಾಗುವುದಿಲ್ಲ. ಪಟ್ಟೆಮಡಿಗಂತೂ ಇದಕ್ಕಿಂತ ಮೃದುವಾದುದು ಇನ್ನೊಂದಿಲ್ಲವೆಂದೇ ನಮ್ಮ ಅಭಿಪ್ರಾಯ; ಅಕ್ಕಸಾಲಿಗರು ಚಿನ್ನವನ್ನು ಇದರಲ್ಲಿಯೇ ತೊಳೆಯುವುದನ್ನು ಎಲ್ಲರೂ ಬಲ್ಲರು. ಎರಡು ಮೂರು ದಿನಕ್ಕೆ ಹುಳಿತು ನಾರುವುದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಕಣ್ಣಿಗೆ ತಾಗದಂತೆ ಎಚ್ಚರಿಕೆಯೂ ಬೇಕು. ನೊರೆ ಕಡಮೆಯೆಂದು ಮಾತೆಯರು ಅಸಮಾಧಾನಪಡಬಾರದು. ಕೊಳೆ ಹೋಗುವುದಕ್ಕೂ ನೊರೆಯ ಎತ್ತರಕ್ಕೂ ಸಂಬಂಧವಿಲ್ಲ. ಇನ್ನೊಂದು ಮಾತನ್ನು ಮುಚ್ಚಿಡಲಾಗದು. ಅಂಟುವಾಳದ ರಸವು ಮೀನಿಗೆ ವಿಷ. ಹಿಂದೆ ಮೀನು ಹಿಡಿಯುವವರು ಮಡುವಿನಲ್ಲಿ ಇದನ್ನು ಕದಡುತ್ತಿದ್ದರು. ಗಿಡಮೂಲದ್ದೆಂದ ಮಾತ್ರಕ್ಕೆ ಕೆರೆಹೊಳೆಗಳಿಗೆ ನೇರವಾಗಿ ಚೆಲ್ಲಲು ಅನುಮತಿಯಿಲ್ಲ. ಹಿತ್ತಲಿನ ಮಣ್ಣಿಗೆ, ತೆಂಗು ಬಾಳೆಗಳ ಪಾತಿಗೆ ಬಿಟ್ಟರೆ ಮಣ್ಣೇ ಅದನ್ನು ಅರಗಿಸಿಕೊಳ್ಳುತ್ತದೆ.

ಹಿತ್ತಾಳೆ ತಾಮ್ರಗಳಿಗೆ ಹುಣಿಸೆಹಣ್ಣು, ಸ್ವಲ್ಪ ಉಪ್ಪು. ಉಜ್ಜಿದ ಕೂಡಲೇ ತೊಳೆದು ಒರಸಬೇಕು, ಇಲ್ಲವಾದರೆ ಕಲೆ ನಿಲ್ಲುತ್ತದೆ. ಜಿಡ್ಡಿನ ಪಾತ್ರೆಗೆ ಬೂದಿ. ಅಡಿಗೆ ಅನಿಲ ಬಂದ ಮೇಲೆ ಬೂದಿಯೆಲ್ಲಿಯದೆಂದರೆ, ನಮ್ಮ ಊರಿನ ಬೆಣ್ಣೆದೋಸೆಯ ಸೌದೆ ಒಲೆಗಳು ಇನ್ನೂ ಉರಿಯುತ್ತಿವೆ! ಕೇಳಿದರೆ ಒಂದು ಡಬ್ಬಿ ಬೂದಿಗೆ ಇಲ್ಲವೆನ್ನರು. ಟೈರು, ಪ್ಲಾಸ್ಟಿಕ್ಕು ಉರಿದ ಬೂದಿ ಮಾತ್ರ ಸರ್ವಥಾ ಕೂಡದು. ಶಹಾಬಾದ್ ಕಲ್ಲಿನ ನೆಲಕ್ಕೆ ನಿಂಬೆ, ಹುಣಿಸೆ ಸೋಕಬಾರದು. ಅದು ಸುಣ್ಣದ ಕಲ್ಲಾದ್ದರಿಂದ ಹುಳಿಗೆ ಕರಗಿ ಮಂಕಾಗುತ್ತದೆ. ಅಂತಹ ನೆಲಕ್ಕೆ ಬಿಸಿನೀರು, ಚಿಟಿಕೆ ವಾಷಿಂಗ್ ಸೋಡಾ ಸಾಕು. ಪೆಟ್ಟಿಗೆಯ ಬಟ್ಟೆಗೆ ನುಸಿಗುಳಿಗೆಯ ಬದಲು ಒಣಗಿದ ಬೇವಿನೆಲೆ.

ಬಚ್ಚಲು ಪಾಯಖಾನೆಗಳ ವಿಷಯದಲ್ಲಿ ನಮ್ಮ ನಿರ್ಬಂಧ ಬಿಗಿಯಾಗಿದೆ. ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಬೆರಸಕೂಡದು. ಬೆರಸಿದರೆ ಹೊರಡುವ ಕ್ಲೋರಿನ್ ಅನಿಲವು ಉಸಿರನ್ನೇ ಕಟ್ಟಿಸುತ್ತದೆ. ಹಬ್ಬದ ಅವಸರದಲ್ಲಿ ಈ ಕೆಲಸವನ್ನು ಬಹುಪಾಲು ಮನೆಗಳಲ್ಲಿ ಮಾಡುವವಳು ಕೆಲಸಕ್ಕೆ ಬರುವ ಹೆಣ್ಣುಮಗಳು. ಅವಳ ಅಂಗೈ ಬಿರಿದು ಸುಲಿಯುವಂತಹ ದ್ರವದಿಂದ ನಮ್ಮ ಮನೆ ಮಡಿಯಾಯಿತೆಂದರೆ ಆ ಮಡಿಯನ್ನು ಶ್ರೀಹರಿಯು ಒಪ್ಪುವನೇ? ಮಡಿಯ ಹೆಸರಿನ ಡಾಂಭಿಕತನವನ್ನು ಶ್ರೀ ಪುರಂದರದಾಸರು ತಮ್ಮ ಕೀರ್ತನೆಯಲ್ಲಿ ಹಾಸ್ಯಮಾಡಿದ್ದು ಸುಮ್ಮನೆ ಅಲ್ಲ. ಅವಳಿಗೂ ಹುಣಿಸೆ, ಬೂದಿ, ಅಂಟುವಾಳಗಳನ್ನೇ ಕೊಡಬೇಕು. ಕೆಲಸ ಸ್ವಲ್ಪ ನಿಧಾನವಾದರೆ ಸಹಿಸಬೇಕು.

ಇಬ್ಬರೂ ಉದ್ಯೋಗಕ್ಕೆ ಹೋಗುವ ಮನೆಗಳಲ್ಲಿ ಯಂತ್ರವಿಲ್ಲದೆ ನಡೆಯದೆಂಬುದು ನಮಗೆ ತಿಳಿದಿದೆ; ಯಂತ್ರವನ್ನು ಬಿಡಿರೆಂದು ಹೇಳುವುದಿಲ್ಲ. ಅಂಥವರು ಫಾಸ್ಫೇಟ್ ಇಲ್ಲವೆಂದು ಪೊಟ್ಟಣದ ಮೇಲೆ ಬರೆದ ಪುಡಿಯನ್ನು ಆರಿಸಿಕೊಂಡು, ಅಳತೆಯ ಚಮಚೆಗಿಂತ ಹೆಚ್ಚು ಸುರಿಯದೆ, ಯಂತ್ರ ತುಂಬುವಷ್ಟು ಬಟ್ಟೆ ಸೇರಿದ ಮೇಲೆ ಒಗೆಯಲಿ. ಪೂಜೆಯ ಪಂಚೆ, ಮಡಿಸೀರೆ, ದೇವರ ವಸ್ತ್ರ ಇಷ್ಟನ್ನಾದರೂ ಅಂಟುವಾಳದಲ್ಲಿ ಕೈಯಿಂದ ಒಗೆಯುವುದು ಯಾವ ಮನೆಗೂ ಅಸಾಧ್ಯವಲ್ಲ.

ಸಿಪ್ಪೆ ಸುಲಿದಾಗ ಉಳಿಯುವ ಕರಿಯ ಬೀಜಗಳನ್ನು ಎಸೆಯದಿರಿ. ಮೇಲಿನ ಕವಚವು ಬಲು ಗಟ್ಟಿ. ಕಲ್ಲಿನ ಮೇಲೆ ಕೊಂಚ ಉಜ್ಜಿ, ಬೆಚ್ಚನೆಯ ನೀರಿನಲ್ಲಿ ಒಂದು ದಿನ ನೆನೆಯಿಟ್ಟು ಮಣ್ಣಿಗೆ ಹಾಕಿದರೆ ಮೊಳೆಯುತ್ತದೆ. ಮರ ಫಲ ಕೊಡಲು ಹಲವು ವರ್ಷಗಳೇ ಬೇಕು. ಬಡಾವಣೆಯ ಉದ್ಯಾನಗಳ ಅಂಚಿನಲ್ಲಿ ಅದಕ್ಕೆ ಜಾಗವಿದೆ, ಮಳೆಗಾಲವೂ ಇದೇ.

ಶ್ರೀಕೃಷ್ಣಾರ್ಪಣಮಸ್ತು