ನೋಡುವವರ ಹೊಣೆ

ಸಂಪಾದಕೀಯವೆಂದೊಡನೆ ಕನ್ನಡ ವಾಚಕರಿಗೆ ನೆನಪಾಗುವುದು ಪತ್ರಿಕೆಯ ಅಭಿಪ್ರಾಯವನ್ನು ಹೇಳುವ ಲೇಖನ. ಫ್ಯಾಷನ್ ಪತ್ರಿಕೆಗಳಲ್ಲಿ ಈ ಮಾತಿಗೆ ಬೇರೊಂದು ಅರ್ಥವುಂಟು. ಹತ್ತು ಹದಿನೈದು ಪುಟಗಳ ಉದ್ದಕ್ಕೂ ಒಂದೇ ಭಾವವನ್ನೋ ಒಂದೇ ಕಥೆಯನ್ನೋ ಹಿಡಿದು ಸಾಗುವ ಛಾಯಾಚಿತ್ರಗಳ ಮಾಲೆಗೆ ಅಲ್ಲಿ ಸಂಪಾದಕೀಯವೆಂಬ ಹೆಸರಿದೆ. ಜಾಹೀರಾತಿನ ಪುಟಕ್ಕೆ ವ್ಯಾಪಾರಿಯು ಹಣ ತೆರುತ್ತಾನೆ. ಈ ಪುಟಗಳು ಸಂಪಾದಕರ ಆಯ್ಕೆ. ಇದು ಇವೆರಡಕ್ಕೂ ಇರುವ ಭೇದ. ಆದರೂ ಉಡುಪು ಯಾರ ತಯಾರಿಕೆ, ಕೈಚೀಲ ಯಾವ ಸಂಸ್ಥೆಯದು ಎಂಬ ವಿವರ ಚಿತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುವುದು ವಾಡಿಕೆಯಾದ್ದರಿಂದ, ಆ ಭೇದ ಬಲು ತೆಳುವಾದುದೆಂದು ಹೇಳುವವರೂ ಇದ್ದಾರೆ.

ಇಂಥ ಚಿತ್ರಗಳನ್ನು ಕುರಿತು ಓದುಗರು ಹೇಳುವ ಅಭಿಪ್ರಾಯ ಸಾಮಾನ್ಯವಾಗಿ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬಲ್ಲಿಗೆ ನಿಲ್ಲುತ್ತದೆ. ಒಮ್ಮೊಮ್ಮೆ ಮಾತ್ರ ಅದು ‘ಇದು ಸಲ್ಲದು’ ಎಂಬ ತೀರ್ಪಿನ ರೂಪವನ್ನು ತಾಳುತ್ತದೆ. ಚೆನ್ನಾಗಿಲ್ಲ ಎನ್ನುವುದಕ್ಕೂ ಸಲ್ಲದು ಎನ್ನುವುದಕ್ಕೂ ಇರುವ ಅಂತರವೇನು? ಬರಿಯ ಬಟ್ಟೆಬರೆಯ ಚಿತ್ರದ ಮೇಲೆ ನೀತಿಯ ತೀರ್ಪು ಕೊಡಲು ನೋಡುವವನಿಗೆ ಅಧಿಕಾರವುಂಟೆ? ವಿಷಯ ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಅದು ಎಷ್ಟು ಕ್ಷುಲ್ಲಕವೆಂಬುದನ್ನು ಮುಂದಿನ ಸಂಗತಿಯನ್ನು ಕಂಡ ಮೇಲೆ ವಾಚಕರೇ ನಿರ್ಣಯಿಸಲಿ.

ವೋಗ್ ಎಂಬ ಹೆಸರಾಂತ ಫ್ಯಾಷನ್ ಪತ್ರಿಕೆಯ ಭಾರತೀಯ ಆವೃತ್ತಿ 2007ರಲ್ಲಿ ಆರಂಭವಾಯಿತು. ಮರುವರ್ಷದ, ಎಂದರೆ 2008ರ ಆಗಸ್ಟ್ ಸಂಚಿಕೆಯಲ್ಲಿ ಚಿತ್ರಮಾಲೆಯೊಂದು ಪ್ರಕಟವಾಯಿತು. ಅದರಲ್ಲಿ ವೃತ್ತಿಯ ರೂಪದರ್ಶಿಗಳ ಸ್ಥಾನದಲ್ಲಿ ನಿಂತವರು ಬಡ ಗ್ರಾಮಸ್ಥರು. ಮುಂದಿನ ಹಲ್ಲುಗಳು ಬಿದ್ದುಹೋದ ವೃದ್ಧೆಯೊಬ್ಬಳು ಮಗುವನ್ನು ಎತ್ತಿಕೊಂಡಿದ್ದಾಳೆ. ಮಗುವಿನ ಕೊರಳಿಗೆ ಕಟ್ಟಿರುವ ಜೊಲ್ಲುಬಟ್ಟೆ ಇಟಲಿಯ ಫೆಂಡಿ ಸಂಸ್ಥೆಯದು, ಬೆಲೆ ಸುಮಾರು 100 ಡಾಲರ್. ಬರಿಗಾಲಿನ ವ್ಯಕ್ತಿಯೊಬ್ಬನ ಕೈಯಲ್ಲಿ ಬರ್ಬೆರಿ ಸಂಸ್ಥೆಯ ಕೊಡೆ, ಬೆಲೆ ಸುಮಾರು 200 ಡಾಲರ್. ಒಂದೇ ಮೋಟಾರುಬೈಕಿನ ಮೇಲೆ ಮೂವರ ಸಂಸಾರ. ಹಿಂದೆ ಕುಳಿತ ತಾಯಿಯ ಕೈಯಲ್ಲಿ ಫ್ರಾನ್ಸಿನ ಹರ್ಮೆಸ್ ಸಂಸ್ಥೆಯ ಬರ್ಕಿನ್ ಕೈಚೀಲ. ಅದರ ಬೆಲೆ 10,000 ಡಾಲರಿಗೂ ಮಿಗಿಲು; ಅಂದಿನ ವಿನಿಮಯದಲ್ಲಿ ನಾಲ್ಕು ಲಕ್ಷ ರೂಪಾಯಿಗಳನ್ನು ಮೀರಿದುದು. ವಿಶ್ವಬ್ಯಾಂಕು ದಿನಕ್ಕೆ 1.25 ಡಾಲರ್ ಎಂಬ ಹೊಸ ಬಡತನದ ರೇಖೆಯನ್ನು ಪ್ರಕಟಿಸಿದ್ದು ಅದೇ ಆಗಸ್ಟಿನಲ್ಲಿ. 2005ರ ಅಂಕಿ ಅಂಶಗಳಂತೆ ಭಾರತೀಯರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಆ ರೇಖೆಯ ಕೆಳಗಿದ್ದರು.

ಪ್ರತಿಭಟನೆ ಬೇಗನೆ ಎದ್ದಿತು. ಬಡತನವನ್ನು ಹಾಸ್ಯವಸ್ತುವನ್ನಾಗಿ ಮಾಡಿದ್ದಾರೆ, ಇದು ಕೇವಲ ಅಭಿರುಚಿಯ ಕೊರತೆಯಲ್ಲ, ಅಸಹ್ಯ ಎಂದು ದೆಹಲಿಯ ಅಂಕಣಕಾರರು ಬರೆದರು. ಆ ತಿಂಗಳು ಮುಗಿಯುವಷ್ಟರಲ್ಲಿ ಈ ಸುದ್ದಿ ನ್ಯೂಯಾರ್ಕಿನ ಪತ್ರಿಕೆಗೂ ಏರಿತು. ಅಂದಿನ ಸಂಪಾದಕಿ ಪ್ರಿಯಾ ತನ್ನಾ ಅವರು ಕೊಟ್ಟ ಉತ್ತರದ ಸಾರಾಂಶವಿದು: ಫ್ಯಾಷನ್ ಎಂಬುದು ಇನ್ನು ಶ್ರೀಮಂತರ ಸೊತ್ತಲ್ಲ, ಅದನ್ನು ಯಾರು ಬೇಕಾದರೂ ತೊಟ್ಟು ಚೆಲುವಾಗಿ ಕಾಣಬಹುದು, ಜಗತ್ತನ್ನು ಉದ್ಧರಿಸುವ ಉದ್ದೇಶ ತಮ್ಮದಲ್ಲ, ಟೀಕಿಸುವವರು ಸ್ವಲ್ಪ ಹಗುರವಾಗಿ ನೋಡಲಿ.

ಈ ಉತ್ತರವನ್ನು ಬಹುಮಂದಿ ತಿರಸ್ಕಾರದಿಂದ ತಳ್ಳಿಹಾಕಿದರು. ಹಾಗೆ ತಳ್ಳಿಹಾಕುವುದು ಸುಲಭ. ಆದರೆ ನ್ಯಾಯವಾಗಿ ವಿಚಾರ ಮಾಡುವವನು ಎದುರುಪಕ್ಷದ ಮಾತನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಇಟ್ಟುಕೊಂಡು ನೋಡಬೇಕು. ಆ ರೂಪ ಇಂತಿದ್ದೀತು: ಹಾಲುಗೆನ್ನೆಯ, ಬಡನಡುವಿನ ತರುಣಿಯರಿಗೇ ಮೀಸಲಾದ ಪುಟದಲ್ಲಿ ಸುಕ್ಕುಮೊಗದ ಅಜ್ಜಿಯೊಬ್ಬಳು ನಗುತ್ತ ನಿಂತರೆ ಅದರಿಂದ ಅವಳ ಮಾನ ಹೋಗುವುದೇಕೆ? ಆ ಕೊಡೆ ಅವಳಿಗೆ ಒಪ್ಪದು, ಆ ಚೀಲ ಅವಳ ಕೈಗೆ ಸಲ್ಲದು ಎಂದು ನಮಗೆ ಅನ್ನಿಸಿದರೆ, ಬಡವರು ಹೀಗೆಯೇ ಇರಬೇಕು, ಇಂಥದನ್ನೇ ಮುಟ್ಟಬೇಕು ಎಂಬ ಹಳೆಯ ಕಟ್ಟಳೆಯೇ ನಮ್ಮ ಕೋಪದ ಒಳಗೆ ಅಡಗಿಲ್ಲವೆ? ಅವಳ ನಗು ನಟನೆಯೆಂದು ನಿರ್ಧರಿಸಲು ನಾವಾರು?

ಈ ಆಕ್ಷೇಪಣೆಗೆ ತೂಕವಿದೆ. ಯಾವ ಟೀಕೆಯು ‘ಬಡವರ ಕೈಯಲ್ಲಿ ಬೆಲೆಬಾಳುವ ವಸ್ತುವೆ?’ ಎಂದು ಹೌಹಾರುವುದೋ ಆ ಟೀಕೆ ಈ ಆಕ್ಷೇಪಣೆಯ ಮುಂದೆ ನಿಲ್ಲಲಾರದು. ಆದುದರಿಂದ ದೋಷವಿದ್ದರೆ ಅದನ್ನು ಬೇರೆಡೆ ಹುಡುಕಬೇಕು.

ಎಲ್ಲಿ? ನಮ್ಮ ಆಲಂಕಾರಿಕರು ಔಚಿತ್ಯವೆಂಬ ಮಾತನ್ನು ಬಳಸಿದ್ದಾರೆ. ಒಂಬತ್ತನೆಯ ಶತಮಾನದ ಆನಂದವರ್ಧನನ ಮತದಲ್ಲಿ ರಸಭಂಗಕ್ಕೆ ಅನೌಚಿತ್ಯವೇ ಕಾರಣ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಅದನ್ನೇ ವಿಸ್ತರಿಸಿ ಒಂದು ಗ್ರಂಥವನ್ನೇ ರಚಿಸಿದನು. ಆದರೆ ಅವರು ಹೇಳಿದ್ದು ಕೃತಿಯ ಒಳಗಿನ ಔಚಿತ್ಯವನ್ನು. ಒಂದು ಅಂಗ ಇನ್ನೊಂದಕ್ಕೆ ಹೊಂದುತ್ತದೆಯೇ, ಪಾತ್ರಕ್ಕೆ ತಕ್ಕ ನುಡಿಯೇ, ಸಂದರ್ಭಕ್ಕೆ ತಕ್ಕ ಅಲಂಕಾರವೇ ಎಂಬುದು ಅಲ್ಲಿಯ ಪ್ರಶ್ನೆ. ಆ ಅಳತೆಯಿಂದ ನೋಡಿದರೆ ಈ ಚಿತ್ರಗಳಲ್ಲಿ ಕುಂದಿಲ್ಲ. ವೈಷಮ್ಯವನ್ನೇ ಚೆಲುವಾಗಿಸುವ ಕೈಚಳಕ ಅಲ್ಲಿದೆ. ಒಳಗಿನ ಔಚಿತ್ಯ ಪೂರ್ಣವಾಗಿದ್ದೂ ಹೊರಗಿನ ಔಚಿತ್ಯ ತಪ್ಪಬಹುದು. ಚಿತ್ರಕ್ಕೂ ಚಿತ್ರದಲ್ಲಿರುವ ಜೀವಕ್ಕೂ ನಡುವಣ ಸಂಬಂಧದಲ್ಲಿ ಆಗುವ ತಪ್ಪು ಅದು. ‘ಚೆನ್ನಾಗಿಲ್ಲ’ ಎನ್ನುವವನು ಒಳಗನ್ನು ನೋಡುತ್ತಾನೆ, ‘ಸಲ್ಲದು’ ಎನ್ನುವವನು ಈ ನಡುವಣ ಸಂಬಂಧವನ್ನು ನೋಡುತ್ತಾನೆ.

ಆ ಸಂಬಂಧವನ್ನು ಆ ಪುಟಗಳೇ ಬಾಯಿಬಿಟ್ಟು ಹೇಳಿವೆ. ಜೊಲ್ಲುಬಟ್ಟೆಯ ಕೆಳಗೆ ಅದನ್ನು ತಯಾರಿಸಿದ ಸಂಸ್ಥೆಯ ಹೆಸರಿದೆ. ಕೊಡೆಗೆ ಹೆಸರಿದೆ, ಚೀಲಕ್ಕೆ ಹೆಸರಿದೆ. ಅವುಗಳನ್ನು ಹಿಡಿದವರಿಗೆ ಇಲ್ಲ! ‘ಮಹಿಳೆ’, ‘ಪುರುಷ’, ಅಷ್ಟೇ. ರೂಪದರ್ಶಿಯಾಗಿದ್ದರೆ ಅವಳ ಹೆಸರನ್ನು ಮುದ್ರಿಸುವ ಪತ್ರಿಕೆಗೆ ಇಲ್ಲಿ ಹೆಸರು ಬೇಕಾಗಲಿಲ್ಲ. ಏಕೆ? ಗೋಡೆಯ ಬಣ್ಣದಂತೆ, ಮಣ್ಣಿನ ನೆಲದಂತೆ ಅವರೂ ಹಿನ್ನೆಲೆಯಾದುದರಿಂದ. ಮನುಷ್ಯನನ್ನು ಎಂದೂ ಬರಿಯ ಸಾಧನವನ್ನಾಗಿ ಬಳಸದೆ ಸಾಧ್ಯವೆಂದೂ ಕಾಣಬೇಕು ಎಂಬುದು 1785ರಲ್ಲಿ ಜರ್ಮನಿಯ ತತ್ತ್ವಜ್ಞ ಕ್ಯಾಂಟನು ಪ್ರತಿಪಾದಿಸಿದ ನಿಯಮ. ‘ಬರಿಯ’ ಎಂಬ ಆ ಮಾತು ಮುಖ್ಯ. ನಾವು ಒಬ್ಬರನ್ನೊಬ್ಬರು ದಿನವೂ ಸಾಧನವಾಗಿ ಬಳಸಿಕೊಳ್ಳುತ್ತೇವೆ; ಅಗಸನಿಲ್ಲದೆ, ದರ್ಜಿಯಿಲ್ಲದೆ ನಮ್ಮ ಬಾಳು ಸಾಗದು. ತಪ್ಪಾಗುವುದು ಬಳಸಿಕೊಂಡುದರಲ್ಲಲ್ಲ, ಬಳಸಿದ ಮೇಲೆ ಉಳಿದ ಮನುಷ್ಯನು ನಮ್ಮ ಕಣ್ಣಿಗೆ ಬೀಳದೆ ಹೋಗುವುದರಲ್ಲಿ.

ಹಾಗಾದರೆ ಉದ್ದೇಶ ಒಳ್ಳೆಯದಾಗಿದ್ದರೆ ಹೆಸರಿಲ್ಲದ ಚಿತ್ರಕ್ಕೆ ದೋಷವಿಲ್ಲವೆ? ಇದಕ್ಕೆ ಉತ್ತರವನ್ನು ಅಮೆರಿಕದ ಒಂದು ಚಿತ್ರ ಕೊಡುತ್ತದೆ. 1936ರ ಮಾರ್ಚಿನಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಸರ್ಕಾರದ ಕೆಲಸದ ಮೇಲೆ ಕ್ಯಾಲಿಫೋರ್ನಿಯಾದ ನಿಪೋಮೋ ಬಳಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಮಕ್ಕಳೊಡನೆ ಕುಳಿತಿದ್ದ ತಾಯಿಯೊಬ್ಬಳ ಚಿತ್ರ ತೆಗೆದಳು. ‘ವಲಸೆಯ ತಾಯಿ’ ಎಂದು ಅದು ಜಗತ್ಪ್ರಸಿದ್ಧವಾಯಿತು. ಆ ಬಿಡಾರದ ಚಿತ್ರಗಳು ಪತ್ರಿಕೆಯಲ್ಲಿ ಪ್ರಕಟವಾದೊಡನೆ ಸರ್ಕಾರವು 20,000 ಪೌಂಡು ಆಹಾರವನ್ನು ಅಲ್ಲಿಗೆ ಕಳುಹಿಸಿತು. ಆಹಾರ ಬರುವ ಹೊತ್ತಿಗೆ ಆ ತಾಯಿಯ ಸಂಸಾರ ಮುಂದಿನೂರಿಗೆ ಹೊರಟುಹೋಗಿತ್ತು. ಲ್ಯಾಂಗ್ ಅವಳ ವಯಸ್ಸನ್ನು ಬರೆದುಕೊಂಡಿದ್ದಳು, 32; ಹೆಸರನ್ನು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಮ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದುದು 1978ರಲ್ಲಿ, ನಲವತ್ತೆರಡು ವರ್ಷಗಳ ತರುವಾಯ. ಆಗ ಅವಳು ಹೇಳಿದ್ದು ಕೃತಜ್ಞತೆಯ ಮಾತಲ್ಲ. ಆ ಚಿತ್ರವನ್ನು ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ದೊರೆಯಲಿಲ್ಲ, ತನ್ನ ಹೆಸರನ್ನು ಕೂಡ ಕೇಳಲಿಲ್ಲ ಎಂದಳು.

ಲ್ಯಾಂಗ್‌ಳ ಉದ್ದೇಶ ನಿರ್ಮಲವಾಗಿತ್ತು, ಫಲವೂ ಬಂತು. ಅಲ್ಲಿ ಬಡತನವೇ ಚಿತ್ರದ ವಿಷಯ, ವೋಗ್ ಪತ್ರಿಕೆಯಲ್ಲಿ ಅದು ಒಂದು ಮೆರುಗು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಹೆಸರು ಕೇಳದೆ ಉಳಿದ ಋಣ ಸದುದ್ದೇಶದಿಂದ ತೀರಲಿಲ್ಲವೆಂಬುದಕ್ಕೆ ಥಾಮ್ಸನ್‌ಳ ಮಾತೇ ಸಾಕ್ಷಿ.

ಇನ್ನು ನೋಡುವವರ ಅಧಿಕಾರದ ವಿಚಾರ. ಓದುಗರ ಕೋಪ ಎಲ್ಲ ಕಾಲಕ್ಕೂ ಸರಿಯಾಗಿರುತ್ತದೆ ಎನ್ನಲಾಗದು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲಬಾವಿ ಸಿಡಿದು 11 ಜನ ಸತ್ತರು, ತಿಂಗಳುಗಟ್ಟಲೆ ತೈಲ ಕಡಲಿಗೆ ಹರಿಯಿತು. ಆ ಆಗಸ್ಟಿನ ಇಟಲಿಯ ವೋಗ್ ಸಂಚಿಕೆಯಲ್ಲಿ ಸ್ಟೀವನ್ ಮೈಸೆಲ್ ಎಂಬ ಛಾಯಾಗ್ರಾಹಕನು ರೂಪದರ್ಶಿಯೊಬ್ಬಳನ್ನು ತೈಲದಲ್ಲಿ ನೆನೆದ ಹಕ್ಕಿಯಂತೆ ಕಪ್ಪು ಗರಿಗಳಲ್ಲಿ ಬಂಡೆಗಳ ಮೇಲೆ ಮಲಗಿಸಿ ಚಿತ್ರಿಸಿದನು. ದುರಂತವನ್ನು ಉಡುಪಿನ ನೆಪವಾಗಿಸಿದ್ದಾರೆಂದು ಕೆಲವರೂ, ಮರೆಯುವವರಿಗೆ ಇದು ನೆನಪು ಮಾಡಿಕೊಟ್ಟಿತೆಂದು ಕೆಲವರೂ ಹೇಳಿದರು. ನನ್ನ ಮಟ್ಟಿಗೆ ಅದು ವೃದ್ಧೆಯ ಚಿತ್ರದಷ್ಟು ನೋಯಿಸುವಂಥದಲ್ಲ. ಅಲ್ಲಿ ನಿಂತವಳು ತಾನು ಮಾಡುತ್ತಿರುವುದನ್ನು ಬಲ್ಲ ವೃತ್ತಿಯವಳು, ಅವಳ ಹೆಸರು ಎಲ್ಲರಿಗೂ ಗೊತ್ತು.

ಆದರೆ ಓದುಗರ ಮಾತು ವ್ಯರ್ಥವೂ ಅಲ್ಲ. 2012ರಲ್ಲಿ ಅಮೆರಿಕದ ಮೇನ್ ಪ್ರಾಂತದ 14 ವರ್ಷದ ಬಾಲಿಕೆಯೊಬ್ಬಳು, ಸೆವೆಂಟೀನ್ ಎಂಬ ತರುಣಿಯರ ಪತ್ರಿಕೆಯು ತಿಂಗಳಿಗೆ ಒಂದು ಚಿತ್ರಮಾಲೆಯನ್ನಾದರೂ ತಿದ್ದದೆ ಪ್ರಕಟಿಸಲಿ ಎಂದು ಬೇಡಿಕೆಯಿಟ್ಟಳು. ಅದಕ್ಕೆ 80,000ಕ್ಕೂ ಮಿಕ್ಕಿದ ರುಜುಗಳು ಸೇರಿದವು. ಹುಡುಗಿಯರ ಮೈಕಟ್ಟನ್ನೂ ಮುಖದ ಆಕಾರವನ್ನೂ ತಿದ್ದುವುದಿಲ್ಲವೆಂದು ಪತ್ರಿಕೆ ಆ ವರ್ಷದ ಆಗಸ್ಟ್ ಸಂಚಿಕೆಯಲ್ಲಿ ವಚನ ಕೊಟ್ಟಿತು. ಆ ಬಾಲಿಕೆಗೆ ಅಧಿಕಾರ ಬಂದುದು ಎಲ್ಲಿಂದ? ಆ ಪುಟಗಳನ್ನು ನೋಡಿ ತಮ್ಮ ಮೈಯನ್ನು ತಾವೇ ಹಳಿದುಕೊಳ್ಳುವ ಗೆಳತಿಯರನ್ನು ಅವಳು ಕಣ್ಣಾರೆ ಕಂಡಿದ್ದಳು. ನೋವು ತಮ್ಮದಾದಾಗ ಓದುಗರು ಬರೆದರು. ಮೋಟಾರುಬೈಕಿನ ಮೇಲೆ ಕುಳಿತ ತಾಯಿಯಾದರೋ ಆ ಪತ್ರಿಕೆಯ ಓದುಗಳಲ್ಲ. ಅವಳ ಪರವಾಗಿ ಬರೆಯಬೇಕಾದವರು ಆ ಚೀಲವನ್ನು ಕೊಳ್ಳಬಲ್ಲವರು, ಇಲ್ಲವೆ ಕೊಳ್ಳುವ ಕನಸುಳ್ಳವರು.

ಇಂಗ್ಲಿಷ್ ಪತ್ರಿಕೆಯನ್ನು ಹಳಿದು ಕೈತೊಳೆದುಕೊಳ್ಳುವ ಮುನ್ನ ನಮ್ಮ ನಾಡಿನ ಸಮಾರಂಭಗಳ ಚಿತ್ರಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು. ಸೀರೆ ಹಂಚುವ, ಪಠ್ಯಪುಸ್ತಕ ಹಂಚುವ, ಹೊಲಿಗೆಯಂತ್ರ ವಿತರಿಸುವ ಚಿತ್ರಗಳು ಪತ್ರಿಕೆಗಳಲ್ಲಿ ದಿನವೂ ಬರುತ್ತವೆ. ಕೊಡುವವರ ಹೆಸರು ಎಡದಿಂದ ಬಲಕ್ಕೆ ಬಿರುದುಬಾವಲಿ ಸಹಿತ ಇರುತ್ತದೆ. ನಡುವೆ, ಕೈನೀಡಿ, ಕ್ಯಾಮರಾದ ಕಡೆ ಮುಖ ತಿರುಗಿಸಿ ನಿಂತವಳು ‘ಬಡ ಮಹಿಳೆ’. ಅವಳ ಪಕ್ಕದವನು ‘ಅರ್ಹ ವಿದ್ಯಾರ್ಥಿ’. ಅಲ್ಲಿಯೂ ಸೀರೆಗೆ ಬೆಲೆ ಹೇಳುತ್ತೇವೆ, ಯಂತ್ರಗಳ ಸಂಖ್ಯೆ ಹೇಳುತ್ತೇವೆ. ಕೊಟ್ಟದ್ದು ನಿಜವಾಗಿ ಕೊಟ್ಟದ್ದೇ ಆದುದರಿಂದ ಇದು ವೋಗ್ ಪತ್ರಿಕೆಯ ಚಿತ್ರಕ್ಕಿಂತ ಎಷ್ಟೋ ಮೇಲು ಎನ್ನುವುದನ್ನು ಒಪ್ಪಬೇಕು. ಆದರೆ ಪಡೆದ ಹುಡುಗನು ಮರುದಿನ ಶಾಲೆಯಲ್ಲಿ ಆ ಚಿತ್ರವನ್ನು ಸಹಪಾಠಿಗಳ ಕೈಯಲ್ಲಿ ಕಾಣುತ್ತಾನೆ. ಹೆಸರು ಹಾಕಿದರೆ ಅವನಿಗೆ ನಾಚಿಕೆಯಾದೀತೆಂದು ಬಿಟ್ಟೆವು ಎನ್ನುವವರು ಮುಖವನ್ನೇಕೆ ಬಿಡಲಿಲ್ಲ?

ಥಾಮ್ಸನ್‌ಳ ಕಥೆಗೆ ಇನ್ನೊಂದು ಭಾಗವಿದೆ. 1983ರಲ್ಲಿ ಅವಳು ಹಾಸಿಗೆ ಹಿಡಿದಾಗ ಚಿಕಿತ್ಸೆಯ ವೆಚ್ಚ ಭರಿಸಲಾರದೆ ಮಕ್ಕಳು ಸಾರ್ವಜನಿಕರ ನೆರವು ಕೋರಿದರು. ಅಪರಿಚಿತರಿಂದ ಎರಡು ಸಾವಿರದಷ್ಟು ಕಾಗದಗಳು ಬಂದವು. ಸುಮಾರು 35,000 ಡಾಲರ್ ಕೂಡಿತು. ಆ ಚಿತ್ರ ತಮಗೇನಾಗಿತ್ತೆಂದು ಹಲವರು ಬರೆದಿದ್ದರು. ಅಲ್ಲಿಯವರೆಗೆ ಆ ಚಿತ್ರವೆಂದರೆ ತಲೆತಗ್ಗಿಸುತ್ತಿದ್ದ ಮಕ್ಕಳು ಆ ಕಾಗದಗಳನ್ನು ಓದಿದ ಮೇಲೆ ಅದನ್ನು ಬೇರೆ ಕಣ್ಣಿನಿಂದ ನೋಡತೊಡಗಿದರು. ತಾಯಿ ಆ ಸೆಪ್ಟೆಂಬರಿನಲ್ಲಿ ತೀರಿಕೊಂಡಳು. ಕಾಗದಗಳು ಬಂದುದು ಈ ಬಾರಿ ‘ವಲಸೆಯ ತಾಯಿ’ಗಲ್ಲ, ಫ್ಲಾರೆನ್ಸ್ ಥಾಮ್ಸನ್‌ಳಿಗೆ.