ಗರಿಂಚನ ನೆನಪು, ಫಲದ ಪ್ರಶ್ನೆ

ಒಂದು ಕ್ರಿಯೆಯ ಮೌಲ್ಯವೆಲ್ಲ ಅದರ ಫಲದಲ್ಲೇ ಇದೆಯೆ? ರಿಯೊ ಡಿ ಜನೈರೊದ ಬೊಟಾಫೊಗೊ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳು ಗರಿಂಚನನ್ನು ನೆನೆಯುವ ರೀತಿ ಇಲ್ಲವೆನ್ನುತ್ತದೆ. ಸೊಟ್ಟ ಕಾಲುಗಳ ಈ ಬಲಬದಿಯ ವಿಂಗರ್ 1953ರಿಂದ ಸುಮಾರು ಹನ್ನೆರಡು ವರ್ಷ ಅಲ್ಲಿ ಆಡಿದ. ನೆನಪಿಗೆ ಮೊದಲು ಬರುವುದು ಅವನ ಗೋಲುಗಳಲ್ಲ. ಎದುರಾಳಿಯನ್ನು ದಾಟಿ ದಾರಿ ತೆರೆದಿದ್ದರೂ ನಿಂತು, ಅವನು ಮತ್ತೆ ಎದುರಾಗಲೆಂದು ಕಾದು, ಇನ್ನೊಮ್ಮೆ ದಾಟುತ್ತಿದ್ದದ್ದು. ಪಂದ್ಯದ ಲೆಕ್ಕದಲ್ಲಿ ಅದು ಶುದ್ಧ ದಂಡ. ಸೃಷ್ಟಿ ಈಶ್ವರನ ಲೀಲೆ ಎಂದಾಗ ವೇದಾಂತ ಸೂಚಿಸುವುದೂ ಇಂಥದ್ದನ್ನೇ: ಕೊರತೆ ನೀಗಿಸಿಕೊಳ್ಳಲು ಮಾಡಿದ್ದಲ್ಲ, ತುಂಬಿ ಉಕ್ಕಿದ ಕ್ರಿಯೆ.

ಗೆಲ್ಲದಿದ್ದರೆ ಇದನ್ನು ಯಾರು ನೆನೆಯುತ್ತಿದ್ದರು ಎಂಬ ಆಕ್ಷೇಪ ಸಹಜ. 1962ರಲ್ಲಿ ಪೆಲೆ ಗಾಯಗೊಂಡು ಹೊರಗುಳಿದಾಗ ಬ್ರೆಜಿಲ್‌ಗೆ ವಿಶ್ವಕಪ್ ತಂದುಕೊಟ್ಟವರಲ್ಲಿ ಗರಿಂಚನೇ ಮುಖ್ಯ. ಆದರೆ ಗೆಲುವು ಹೆಸರನ್ನು ದೂರ ಒಯ್ಯುತ್ತದೆಯೇ ಹೊರತು ಅಕ್ಕರೆ ಹುಟ್ಟಿಸುವುದಿಲ್ಲ. ಕಪ್ ಗೆದ್ದ ಎಷ್ಟೋ ಆಟಗಾರರು ಬರೀ ಪಟ್ಟಿಯಲ್ಲಿ ಉಳಿದಿದ್ದಾರೆ. ಎರಡನೆಯ ಆಕ್ಷೇಪ ಕಠಿಣವಾದದ್ದು. ಕುಡಿತದಿಂದ ಜರ್ಜರನಾಗಿ, ಬಡತನದಲ್ಲಿ, 1983ರಲ್ಲಿ 49ನೆಯ ವಯಸ್ಸಿಗೆ ಅವನು ಸತ್ತ. ಆಗ ಅಂತಿಮ ದರ್ಶನಕ್ಕೆ ಮರಕಾನಾ ಕ್ರೀಡಾಂಗಣದಲ್ಲಿ ಜನ ಕಿಕ್ಕಿರಿದರು. ಈ ಪ್ರೀತಿ ಬದುಕಿದ್ದಾಗ ಎಲ್ಲಿತ್ತು? ಆಟವನ್ನು ಲೀಲೆಯೆಂದು ಕೊಂಡಾಡುವವರು ಆಡುವವನಿಗೂ ಹೊಟ್ಟೆಯಿದೆ, ಮಂಡಿನೋವಿದೆ ಎಂಬುದನ್ನು ಬೇಗ ಮರೆಯುತ್ತಾರೆ. ದೇವರ ಲೀಲೆಗೆ ದೇವರು ಬೆಲೆ ತೆರಬೇಕಿಲ್ಲ (ತೆರುವವರು ನಾವು ಎನ್ನುವವರೂ ಇದ್ದಾರೆ). ಮನುಷ್ಯ ತನ್ನ ಮೈಯಿಂದಲೇ ತೆರಬೇಕು. ಹಾಗೆಂದು ನೆನಪು ಸುಳ್ಳಲ್ಲ. ಅದು ಅರ್ಧ ತೀರಿದ ಋಣ. ಕ್ಲಬ್ಬುಗಳು ನಿವೃತ್ತರ ಪ್ರತಿಮೆಗೆ ಮುಂಚೆ ಅವರ ಔಷಧಿಗೆ, ಪಿಂಚಣಿಗೆ ಹಣ ಎತ್ತಿಡಲಿ.